ರಾಜೇಶ್ವರಿ ಚಟರ್ಜಿ: ‘ಕರ್ನಾಟಕದ ಮೊದಲ ಮಹಿಳಾ ಎಂಜಿನಿಯರ್’ ನಿಜಕ್ಕೂ ಮಾಡಿದ ಕೆಲಸವೇನು?

ಮಹಿಳಾ ದಿನ ಬಂದರೆ ಸಾಕು, ಜಯನಗರದಿಂದ ಜೆ.ಪಿ. ನಗರದವರೆಗೆ ಎಲ್ಲರ ಫ್ಯಾಮಿಲಿ ಗ್ರೂಪಿನಲ್ಲೂ ಸಾಧಕಿಯರ ಫೋಟೊಗಳು ಓಡಾಡತೊಡಗುತ್ತವೆ. ಸೀರೆ ಉಟ್ಟ ಒಬ್ಬ ಹಿರಿಯರ ಫೋಟೊ, ಕೆಳಗೆ ಎರಡು ಸಾಲು: ಹೆಸರು ರಾಜೇಶ್ವರಿ ಚಟರ್ಜಿ, ಕರ್ನಾಟಕದ ಮೊದಲ ಮಹಿಳಾ ಎಂಜಿನಿಯರ್. ಕೆಲವು ಸಂದೇಶಗಳಲ್ಲಿ ‘ಕರ್ನಾಟಕದ’ ಎಂಬುದು ‘ಭಾರತದ’ ಎಂದಾಗಿರುತ್ತದೆ. ನಾವು ನಮಸ್ಕಾರದ ಎಮೋಜಿ ಹಾಕಿ ಮುಂದೆ ಕಳಿಸುತ್ತೇವೆ. ಅಷ್ಟಕ್ಕೆ ಕಥೆ ಮುಗಿಯಿತು.

ಆದರೆ ಅವರು ಏನನ್ನು ಕುರಿತು ಸಂಶೋಧನೆ ಮಾಡಿದರು, ಆ ಕೆಲಸಕ್ಕೂ ನಮ್ಮ ಕೈಯಲ್ಲಿರುವ ಫೋನಿಗೂ ಏನು ನಂಟು, ಎಂಜಿನಿಯರಿಂಗ್ ಕಾಲೇಜಿನ ಮೆಟ್ಟಿಲನ್ನೇ ಹತ್ತದೆ ಓದಿದ ಹುಡುಗಿ ಎಂಜಿನಿಯರ್ ಆದದ್ದು ಹೇಗೆ? ಇದ್ಯಾವುದೂ ಆ ಎರಡು ಸಾಲಿನಲ್ಲಿ ಇರುವುದಿಲ್ಲ. ಈ ಲೇಖನದಲ್ಲಿ ಆ ಬಿಟ್ಟುಹೋದ ಭಾಗವನ್ನು ನೋಡೋಣ.

ಮೊದಲು ಫಾರ್ವರ್ಡ್‌ನಲ್ಲಿ ತಿದ್ದಬೇಕಾದದ್ದು

ರಾಜೇಶ್ವರಿ ಅವರು ಭಾರತದ ಮೊದಲ ಮಹಿಳಾ ಎಂಜಿನಿಯರ್ ಅಲ್ಲ. 1940ರ ದಶಕದ ಮೊದಲ ಭಾಗದಲ್ಲಿ ಮದ್ರಾಸಿನ ಗಿಂಡಿ ಎಂಜಿನಿಯರಿಂಗ್ ಕಾಲೇಜಿನಲ್ಲಿ ಮೂವರು ಹೆಣ್ಣುಮಕ್ಕಳು ಪದವಿ ಪಡೆದಿದ್ದರು. ಎಳೆಯ ವಯಸ್ಸಿನಲ್ಲೇ ಗಂಡನನ್ನು ಕಳೆದುಕೊಂಡು, ಪುಟ್ಟ ಮಗಳನ್ನು ಸಾಕುತ್ತಲೇ ಎಲೆಕ್ಟ್ರಿಕಲ್ ಎಂಜಿನಿಯರಿಂಗ್ ಓದಿದ ಎ. ಲಲಿತಾ ಅವರಲ್ಲಿ ಒಬ್ಬರು. ಲೀಲಮ್ಮ ಜಾರ್ಜ್ ಮತ್ತು ಪಿ.ಕೆ. ತ್ರೇಸ್ಯಾ ಸಿವಿಲ್ ವಿಭಾಗದವರು. ದೇಶದ ಮೊದಲಿಗರು ಎಂದು ಹೇಳಬೇಕಾದರೆ ಈ ಮೂವರ ಹೆಸರನ್ನೇ ಹೇಳಬೇಕು.

ಕರ್ನಾಟಕದ ಮಟ್ಟಿಗೆ ರಾಜೇಶ್ವರಿ ಅವರನ್ನು ಮೊದಲಿಗರೆಂದು ಗುರುತಿಸುವುದು ಸರಿ. ಆದರೆ ಅವರ ಮೊದಲ ಎರಡು ಪದವಿಗಳು ಎಂಜಿನಿಯರಿಂಗ್‌ನಲ್ಲಿ ಇರಲೇ ಇಲ್ಲ, ಗಣಿತದಲ್ಲಿದ್ದವು. ಅವರ ಬದುಕಿನ ದೊಡ್ಡ ತಿರುವು ಶುರುವಾಗುವುದೇ ಅಲ್ಲಿಂದ.

ನಂಜನಗೂಡಿನಿಂದ ಸೆಂಟ್ರಲ್ ಕಾಲೇಜಿಗೆ

ರಾಜೇಶ್ವರಿ ಹುಟ್ಟಿದ್ದು 1922ರ ಜನವರಿ 24ರಂದು, ನಂಜನಗೂಡಿನಲ್ಲಿ. ತಂದೆ ಬಿ.ಎಂ. ಶಿವರಾಮಯ್ಯ ವಕೀಲರು. ಆದರೆ ಮೊಮ್ಮಗಳ ಓದಿಗೆ ದಾರಿ ಮಾಡಿದ ದೊಡ್ಡ ಶಕ್ತಿ ಎಂದರೆ ಅಜ್ಜಿ ಕಮಲಮ್ಮ ದಾಸಪ್ಪ. ಹಳೆಯ ಮೈಸೂರು ಸಂಸ್ಥಾನದ ಮೊದಲ ಮಹಿಳಾ ಪದವೀಧರರಲ್ಲಿ ಅವರೂ ಒಬ್ಬರು. ವಿಧವೆಯರು ಮತ್ತು ಗಂಡ ಬಿಟ್ಟ ಹೆಣ್ಣುಮಕ್ಕಳ ಶಿಕ್ಷಣಕ್ಕಾಗಿ ಕೆಲಸ ಮಾಡಿದವರು.

ಬನಶಂಕರಿಯಿಂದ ಕೆ.ಆರ್. ರಸ್ತೆ ಹಿಡಿದು ಮಾರ್ಕೆಟ್ ಕಡೆ ಹೋಗುವವರಿಗೆ ಬಸವನಗುಡಿ ಭಾಗದಲ್ಲಿ ಮಹಿಳಾ ಸೇವಾ ಸಮಾಜದ ಹೆಸರು ಪರಿಚಿತ. ಆ ಸಮಾಜದ ಆಶ್ರಯದಲ್ಲಿ ಕಮಲಮ್ಮ ಶುರುಮಾಡಿದ ಶಾಲೆಯಲ್ಲೇ ರಾಜೇಶ್ವರಿ ಮೊದಲ ಅಕ್ಷರ ಕಲಿತರು. ಅಂದರೆ ಇಂದು ನಾವು ದಕ್ಷಿಣ ಬೆಂಗಳೂರು ಎನ್ನುವ ಭಾಗಕ್ಕೆ ಈ ಕಥೆ ದೂರದ್ದೇನಲ್ಲ. ಹೆಣ್ಣುಮಕ್ಕಳು ಓದುವುದು ಸಹಜ ಎನ್ನುವ ಮನೆ, ಅದಕ್ಕೆ ತಕ್ಕ ಶಾಲೆ, ಎರಡೂ ಅವರಿಗೆ ಸಿಕ್ಕವು. ಆ ಕಾಲದ ಬಹುತೇಕ ಹುಡುಗಿಯರಿಗೆ ಎರಡೂ ಸಿಗುತ್ತಿರಲಿಲ್ಲ.

ಹೈಸ್ಕೂಲು ಮುಗಿದಾಗ ಇತಿಹಾಸ ಅವರನ್ನು ಸೆಳೆದಿತ್ತು. ಆದರೆ ಕೊನೆಗೆ ಆರಿಸಿಕೊಂಡದ್ದು ಭೌತಶಾಸ್ತ್ರ ಮತ್ತು ಗಣಿತ. ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ಗಣಿತದಲ್ಲಿ ಬಿ.ಎಸ್‌ಸಿ. ಆನರ್ಸ್, ಆಮೇಲೆ ಎಂ.ಎಸ್‌ಸಿ. ಎರಡರಲ್ಲೂ ಮೈಸೂರು ವಿಶ್ವವಿದ್ಯಾಲಯಕ್ಕೆ ಮೊದಲ ರ‍್ಯಾಂಕ್.

ಟಾಟಾ ಇನ್‌ಸ್ಟಿಟ್ಯೂಟಿನ ಬಾಗಿಲು

1943ರಲ್ಲಿ ಅವರು ಸಂಶೋಧನೆಗಾಗಿ ಭಾರತೀಯ ವಿಜ್ಞಾನ ಸಂಸ್ಥೆಗೆ, ಅಂದರೆ ನಮ್ಮ ಊರಿನ ಹಿರಿಯರು ಟಾಟಾ ಇನ್‌ಸ್ಟಿಟ್ಯೂಟ್ ಎನ್ನುವ ಜಾಗಕ್ಕೆ ಹೋದರು. ಸಿ.ವಿ. ರಾಮನ್ ಆಗ ಅಲ್ಲಿ ಭೌತಶಾಸ್ತ್ರ ವಿಭಾಗದ ಪ್ರಾಧ್ಯಾಪಕರು. ರಾಜೇಶ್ವರಿ ಅವರ ಕೈಕೆಳಗೆ ಕೆಲಸ ಮಾಡಲು ಬಯಸಿದರು, ರಾಮನ್ ಒಪ್ಪಲಿಲ್ಲ. ಭೌತಶಾಸ್ತ್ರದ ಪದವಿ ಇಲ್ಲ ಎಂಬುದು ಅದಕ್ಕೆ ಕೊಟ್ಟ ಕಾರಣ ಎಂದು ಅವರ ಜೀವನ ಕುರಿತ ಬರಹಗಳು ದಾಖಲಿಸುತ್ತವೆ.

ಈ ಪ್ರಸಂಗ ಫಾರ್ವರ್ಡ್‌ಗಳಲ್ಲಿ ಎರಡು ರೀತಿ ತಿರುಚಿಕೊಳ್ಳಬಹುದು. ರಾಮನ್ ಹೆಣ್ಣುಮಕ್ಕಳನ್ನು ಒಬ್ಬರನ್ನೂ ಸೇರಿಸಿಕೊಳ್ಳಲಿಲ್ಲ ಎಂಬುದು ಒಂದು. ಇದು ತಪ್ಪು. ಅನ್ನಾ ಮಣಿ, ಸುನಂದಾಬಾಯಿ ಮುಂತಾದವರು ಅವರ ಪ್ರಯೋಗಾಲಯದಲ್ಲಿ ಕೆಲಸ ಮಾಡಿದ್ದಾರೆ. ಅಂಥ ದೊಡ್ಡ ವಿಜ್ಞಾನಿ ಭೇದ ಮಾಡಿರಲು ಸಾಧ್ಯವೇ ಇಲ್ಲ ಎಂಬುದು ಇನ್ನೊಂದು. ಇದೂ ತಪ್ಪು. 1933ರಲ್ಲಿ ಕಮಲಾ ಭಾಗವತ್, ಮುಂದೆ ಕಮಲಾ ಸೊಹೋನಿ ಎಂದು ಹೆಸರಾದವರು, ಸಂಸ್ಥೆಗೆ ಸೇರಲು ಬಂದಾಗ ರಾಮನ್ ಮೊದಲು ನಿರಾಕರಿಸಿದರು. ಪಟ್ಟು ಹಿಡಿದಾಗ ಷರತ್ತುಗಳ ಮೇಲೆ ಒಂದು ವರ್ಷದ ಪ್ರಯೋಗಕ್ಕೆ ಸೇರಿಸಿಕೊಂಡರು. ಅನ್ನಾ ಮಣಿ ಅವರಿಗೂ ವರ್ಷಗಟ್ಟಲೆ ದುಡಿದ ಮೇಲೆ ಎಂ.ಎಸ್‌ಸಿ. ಇಲ್ಲವೆಂಬ ಕಾರಣಕ್ಕೆ ಪಿಎಚ್‌.ಡಿ. ಸಿಗಲಿಲ್ಲ. ಬಾಗಿಲು ಪೂರ್ತಿ ಮುಚ್ಚಿರಲಿಲ್ಲ, ಪೂರ್ತಿ ತೆರೆದೂ ಇರಲಿಲ್ಲ.

ರಾಜೇಶ್ವರಿ ಪಕ್ಕದ ಬಾಗಿಲು ತಟ್ಟಿದರು. ಸಂಸ್ಥೆಯ ಎಲೆಕ್ಟ್ರಿಕಲ್ ಟೆಕ್ನಾಲಜಿ ವಿಭಾಗದಲ್ಲಿ ಸಂವಹನ, ಅಂದರೆ ಕಮ್ಯುನಿಕೇಶನ್ ಕ್ಷೇತ್ರದ ಸಂಶೋಧನಾ ವಿದ್ಯಾರ್ಥಿಯಾಗಿ ಸೇರಿಕೊಂಡರು. ಗಣಿತ ಓದಿದ ಹುಡುಗಿ ಹೀಗೆ ರೇಡಿಯೊ ಅಲೆಗಳ ಲೋಕಕ್ಕೆ ಬಂದರು. ಆ ಲೋಕಕ್ಕೆ ಗಣಿತ ಬಲ್ಲವರೇ ಬೇಕಾಗಿದ್ದರು ಎಂಬುದು ಸ್ವಲ್ಪ ಹೊತ್ತಿನಲ್ಲೇ ಗೊತ್ತಾಗುತ್ತದೆ.

ಆಗ ಜಗತ್ತಿನಲ್ಲಿ ಏನಾಗುತ್ತಿತ್ತು?

ಅದು ಎರಡನೇ ಮಹಾಯುದ್ಧದ ಕಾಲ. 1940ರಲ್ಲಿ ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮ್‌ನಲ್ಲಿ ಕ್ಯಾವಿಟಿ ಮ್ಯಾಗ್ನೆಟ್ರಾನ್ ಎಂಬ ಸಾಧನ ತಯಾರಾಯಿತು. ಅದರಿಂದ ಸುಮಾರು 10 ಸೆಂಟಿಮೀಟರ್ ಉದ್ದದ ರೇಡಿಯೊ ಅಲೆಗಳನ್ನು ತುಂಬ ಶಕ್ತಿಯುತವಾಗಿ ಹೊಮ್ಮಿಸಬಹುದಾಗಿತ್ತು. ಅಲೆ ಚಿಕ್ಕದಾದಷ್ಟೂ ರೇಡಾರಿನ ಆ್ಯಂಟೆನಾ ಚಿಕ್ಕದಾಗುತ್ತದೆ, ವಿಮಾನದೊಳಗೇ ಇಡಬಹುದು. ಈ ಚಿಕ್ಕ ರೇಡಿಯೊ ಅಲೆಗಳಿಗೆ ಮೈಕ್ರೋವೇವ್ ಎನ್ನುತ್ತಾರೆ. ನಮ್ಮ ಅಡುಗೆಮನೆಯ ಓವನ್ನಿನ ಒಳಗಿರುವುದೂ ಒಂದು ಮ್ಯಾಗ್ನೆಟ್ರಾನೇ.

ಯುದ್ಧ ಮುಗಿಯುವ ಹೊತ್ತಿಗೆ ಮೈಕ್ರೋವೇವ್ ತಿಳಿವಳಿಕೆಯ ದೊಡ್ಡ ಪಾಲು ಅಮೆರಿಕ ಮತ್ತು ಬ್ರಿಟನ್ನಿನ ಪ್ರಯೋಗಾಲಯಗಳಲ್ಲಿತ್ತು. ಕಲಿಯಬೇಕೆಂದರೆ ಅಲ್ಲಿಗೇ ಹೋಗಬೇಕು. 1946ರಲ್ಲಿ ದೆಹಲಿಯ ಸರ್ಕಾರ ಪ್ರತಿಭಾವಂತರಿಗೆ ವಿದೇಶದಲ್ಲಿ ಓದಲು ವಿದ್ಯಾರ್ಥಿವೇತನ ಕೊಟ್ಟಿತು, ಅದು ರಾಜೇಶ್ವರಿ ಅವರಿಗೂ ಸಿಕ್ಕಿತು. ಸ್ವಾತಂತ್ರ್ಯ ಬಂದ 1947ರಲ್ಲಿ ಅವರು ಅಮೆರಿಕಕ್ಕೆ ಹೊರಟರು. ಮದುವೆಯಾಗದ ಇಪ್ಪತ್ತೈದರ ಹೆಣ್ಣುಮಗಳು ಓದಲು ಒಬ್ಬಳೇ ಸಮುದ್ರ ದಾಟುವುದು ಅಂದಿನ ಮೈಸೂರು ಸೀಮೆಯಲ್ಲಿ ಎಷ್ಟು ಮನೆಗಳಿಗೆ ನುಂಗಲಾರದ ತುತ್ತು ಎಂಬುದನ್ನು ನಿಮ್ಮ ಮನೆಯ ಹಿರಿಯರನ್ನೇ ಕೇಳಿ ನೋಡಿ.

ಮಿಷಿಗನ್ ವಿಶ್ವವಿದ್ಯಾಲಯದಲ್ಲಿ ಎಲೆಕ್ಟ್ರಿಕಲ್ ಎಂಜಿನಿಯರಿಂಗ್‌ನಲ್ಲಿ ಸ್ನಾತಕೋತ್ತರ ಪದವಿ ಮುಗಿಸಿದರು. ಆಮೇಲೆ ವಾಷಿಂಗ್ಟನ್ನಿನ ನ್ಯಾಷನಲ್ ಬ್ಯೂರೊ ಆಫ್ ಸ್ಟ್ಯಾಂಡರ್ಡ್ಸ್‌ನಲ್ಲಿ ಎಂಟು ತಿಂಗಳು ರೇಡಿಯೊ ತರಂಗಗಳನ್ನು ಅಳೆಯುವ ತರಬೇತಿ. ಮತ್ತೆ 1949ರಲ್ಲಿ ಮಿಷಿಗನ್‌ಗೆ. ಈ ಬಾರಿ ಬಾರ್ಬರ್ ವಿದ್ಯಾರ್ಥಿವೇತನ. ಏಷ್ಯಾದ ಹೆಣ್ಣುಮಕ್ಕಳಿಗೆಂದೇ ಇದ್ದ ಇದೇ ವೇತನದಲ್ಲಿ ಅವರಿಗಿಂತ ಮೊದಲು ಸಸ್ಯವಿಜ್ಞಾನಿ ಜಾನಕಿ ಅಮ್ಮಾಳ್ ಅಲ್ಲಿ ಓದಿದ್ದರು. 1953ರ ಆರಂಭದಲ್ಲಿ ಪ್ರೊ. ವಿಲಿಯಂ ಡೌ ಅವರ ಮಾರ್ಗದರ್ಶನದಲ್ಲಿ ರಾಜೇಶ್ವರಿ ಪಿಎಚ್‌.ಡಿ. ಪಡೆದರು. ಅದೇ ವರ್ಷ ಊರಿಗೆ ಮರಳಿದರು.

ಇಬ್ಬರು ಕಟ್ಟಿದ ಪ್ರಯೋಗಾಲಯ

ತಾವು ವಿದ್ಯಾರ್ಥಿಯಾಗಿದ್ದ ಸಂಸ್ಥೆಯಲ್ಲೇ ಎಲೆಕ್ಟ್ರಿಕಲ್ ಕಮ್ಯುನಿಕೇಶನ್ ಎಂಜಿನಿಯರಿಂಗ್ ವಿಭಾಗದ ಅಧ್ಯಾಪಕಿಯಾದರು. ಅದೇ ವಿಭಾಗದಲ್ಲಿದ್ದ ಶಿಶಿರ್ ಕುಮಾರ್ ಚಟರ್ಜಿ ಅವರನ್ನು 1953ರಲ್ಲೇ ಮದುವೆಯಾದರು. ನಂಜನಗೂಡಿನ ಹುಡುಗಿಯ ಹೆಸರಿನ ಮುಂದೆ ಬಂಗಾಳಿ ಮನೆತನದ ಹೆಸರು ಬಂದದ್ದು ಹೀಗೆ. ಫೋಟೊ ನೋಡಿ ಇವರು ಕನ್ನಡದವರಲ್ಲ ಎಂದುಕೊಳ್ಳುವವರಿಗೆ ಇದೇ ಉತ್ತರ.

ಗಂಡ-ಹೆಂಡತಿ ಸೇರಿ ಅಲ್ಲಿ ಮೈಕ್ರೋವೇವ್ ಸಂಶೋಧನಾ ಪ್ರಯೋಗಾಲಯ ಕಟ್ಟಿದರು. ಭಾರತದಲ್ಲಿ ಈ ವಿಷಯಕ್ಕೆಂದೇ ಕೆಲಸ ಶುರುಮಾಡಿದ ಮೊದಮೊದಲ ಪ್ರಯೋಗಾಲಯಗಳಲ್ಲಿ ಅದೂ ಒಂದು. ವಿದ್ಯುತ್ಕಾಂತ ಸಿದ್ಧಾಂತ, ಎಲೆಕ್ಟ್ರಾನ್ ಟ್ಯೂಬ್ ಸರ್ಕ್ಯೂಟ್, ಮೈಕ್ರೋವೇವ್ ತಂತ್ರಜ್ಞಾನ, ರೇಡಿಯೊ ಎಂಜಿನಿಯರಿಂಗ್ ಇವು ಅವರು ಪಾಠ ಮಾಡಿದ ವಿಷಯಗಳು. ಮರುವರ್ಷ, 1954ರಲ್ಲಿ, ಬೆಂಗಳೂರಿನಲ್ಲಿ ಬಿ.ಇ.ಎಲ್. ಶುರುವಾಯಿತು. ಆಮೇಲೆ ರೇಡಾರ್ ಅಭಿವೃದ್ಧಿಗೆಂದು ರಕ್ಷಣಾ ಪ್ರಯೋಗಾಲಯ ಎಲ್.ಆರ್.ಡಿ.ಇ. ಬಂತು. ಮೈಕ್ರೋವೇವ್ ಬಲ್ಲ ಎಂಜಿನಿಯರುಗಳು ಈ ಊರಿಗೆ ಬೇಕಾಗತೊಡಗಿದ ಕಾಲ ಅದು.

ಅವರು ಅಧ್ಯಯನ ಮಾಡಿದ್ದು ಏನನ್ನು?

ಇದನ್ನು ಅರ್ಥ ಮಾಡಿಕೊಳ್ಳಲು ಅಡುಗೆಮನೆಗೆ ಹೋಗೋಣ. ಮೈಕ್ರೋವೇವ್ ಓವನ್ನಿನ ಬಾಗಿಲನ್ನು ಗಮನಿಸಿ. ಗಾಜಿನ ಹಿಂದೆ ಸಣ್ಣ ಸಣ್ಣ ತೂತುಗಳಿರುವ ಲೋಹದ ಜಾಲರಿ ಇದೆ. ಒಳಗಿನ ಬೆಳಕು ತೂತಿನಿಂದ ಹೊರಬರುತ್ತದೆ, ಪಾತ್ರೆ ಕಾಣುತ್ತದೆ. ಮೈಕ್ರೋವೇವ್ ಮಾತ್ರ ಒಳಗೇ ಉಳಿಯುತ್ತದೆ. ಏಕೆ? ಓವನ್ನಿನ ಅಲೆಯ ಉದ್ದ ಸುಮಾರು 12 ಸೆಂಟಿಮೀಟರ್. ತೂತುಗಳ ಅಗಲವೋ ಕೆಲವೇ ಮಿಲಿಮೀಟರ್. ಅಷ್ಟು ದೊಡ್ಡ ಅಲೆಗೆ ಆ ಜಾಲರಿ ಗೋಡೆಯಂತೆ ಕಾಣುತ್ತದೆ. ಬೆಳಕಿನ ಅಲೆ ಒಂದು ಮಿಲಿಮೀಟರಿನ ಸಾವಿರದ ಒಂದು ಭಾಗಕ್ಕಿಂತಲೂ ಚಿಕ್ಕದು, ಅದಕ್ಕೆ ಅದೇ ತೂತು ಹೆಬ್ಬಾಗಿಲು.

ಇಲ್ಲಿ ಗಮನಿಸಬೇಕಾದದ್ದು ಒಂದೇ. ಲೋಹ ಯಾವುದು ಎಂಬುದಕ್ಕಿಂತ ಲೋಹದ ಆಕಾರ ಹೇಗಿದೆ ಎಂಬುದೇ ಅಲೆಯ ನಡೆಯನ್ನು ತೀರ್ಮಾನಿಸಿತು.

ಚಟರ್ಜಿ ದಂಪತಿ ಮತ್ತು ಅವರ ವಿದ್ಯಾರ್ಥಿಗಳ ಕೆಲಸದ ದೊಡ್ಡ ಭಾಗ ಈ ಬಗೆಯ ಪ್ರಶ್ನೆಗಳದ್ದು. ಲೋಹದ ಸರಳಿನ ಮೇಲೆ ಪ್ಲಾಸ್ಟಿಕ್‌ನಂಥ ಅವಾಹಕ ವಸ್ತುವಿನ ಪದರ ಹಾಕಿದರೆ ಅಲೆ ಅದಕ್ಕೆ ಅಂಟಿಕೊಂಡು ಹೇಗೆ ಸಾಗುತ್ತದೆ? ಸರಳಿನ ಮೇಲೆ ಒತ್ತೊತ್ತಾಗಿ ಗಾಡಿಗಳನ್ನು ಕೊರೆದರೆ, ಅಂದರೆ ಶೀಟು ಮನೆಯ ತಗಡಿನಂತೆ ಉಬ್ಬುತಗ್ಗು ಮಾಡಿದರೆ, ಅಲೆಯ ವೇಗ ಎಷ್ಟು ಬದಲಾಗುತ್ತದೆ? ಅವಾಹಕ ವಸ್ತುವಿನಿಂದಲೇ ಆ್ಯಂಟೆನಾ ಮಾಡಿದರೆ ಅಲೆ ಯಾವ ದಿಕ್ಕಿಗೆ ಹೊಮ್ಮುತ್ತದೆ? ಇದಕ್ಕೆಲ್ಲ ಒಂದು ಕಡೆ ಮ್ಯಾಕ್ಸ್‌ವೆಲ್ ಸಮೀಕರಣಗಳನ್ನು ಬಿಡಿಸಬೇಕು, ಇನ್ನೊಂದು ಕಡೆ ಪ್ರಯೋಗಾಲಯದಲ್ಲಿ ಅಳೆದು ಲೆಕ್ಕ ತಾಳೆಯಾಗುತ್ತದೆಯೇ ನೋಡಬೇಕು. ಗಣಿತದ ಎಂ.ಎಸ್‌ಸಿ.ಯೂ ವಾಷಿಂಗ್ಟನ್ನಿನ ಅಳತೆಯ ತರಬೇತಿಯೂ ಒಂದೇ ಕಡೆ ಕೂಡಿದ್ದು ಇಲ್ಲಿ. ಭೌತಶಾಸ್ತ್ರದ ಪದವಿ ಇಲ್ಲ ಎಂಬ ಕೊರತೆ ಈ ಕೆಲಸಕ್ಕೆ ಕೊರತೆಯೇ ಆಗಲಿಲ್ಲ.

ನೂರಕ್ಕೂ ಹೆಚ್ಚು ಸಂಶೋಧನಾ ಲೇಖನ, ಏಳು ಪುಸ್ತಕ, ಅವರ ಮಾರ್ಗದರ್ಶನದಲ್ಲಿ 20 ಮಂದಿಗೆ ಪಿಎಚ್‌.ಡಿ. ಇದು ಒಟ್ಟು ಲೆಕ್ಕ. ಬ್ರಿಟನ್ನಿನ ಎಂಜಿನಿಯರುಗಳ ಸಂಸ್ಥೆ ಕೊಡುವ ಮೌಂಟ್‌ಬ್ಯಾಟನ್ ಬಹುಮಾನ, ಭಾರತದ ಇನ್‌ಸ್ಟಿಟ್ಯೂಷನ್ ಆಫ್ ಎಂಜಿನಿಯರ್ಸ್ ಕೊಡುವ ಜೆ.ಸಿ. ಬೋಸ್ ಸ್ಮಾರಕ ಬಹುಮಾನ ಅವರಿಗೆ ಸಂದವು. ವಿಭಾಗದ ಮುಖ್ಯಸ್ಥೆಯೂ ಆದರು. 1982ರಲ್ಲಿ ನಿವೃತ್ತರಾದರು.

ಅವರಿಗೆ ಬೋಸ್ ಹೆಸರಿನ ಬಹುಮಾನ ಬಂದದ್ದು ಸರಿಯಾಗಿಯೇ ಇದೆ. ಜಗದೀಶ್ ಚಂದ್ರ ಬೋಸ್ 1890ರ ದಶಕದಲ್ಲೇ ಕಲ್ಕತ್ತಾದಲ್ಲಿ ಮಿಲಿಮೀಟರ್ ಉದ್ದದ ಅಲೆಗಳ ಮೇಲೆ ಪ್ರಯೋಗ ಮಾಡಿದ್ದರು. 1898ರಲ್ಲಿ ಸೆಣಬಿನ ಎಳೆಗಳನ್ನು ಹಗ್ಗದಂತೆ ಹುರಿ ಮಾಡಿ ಅದರೊಳಗೆ ಅಲೆಯನ್ನು ಹಾಯಿಸಿ, ಅಲೆಯ ಕಂಪನದ ದಿಕ್ಕೇ ತಿರುಗುವುದನ್ನು ತೋರಿಸಿದ್ದರು. ಎಡಕ್ಕೆ ಹುರಿದರೆ ಒಂದು ಕಡೆ ತಿರುಗುತ್ತದೆ, ಬಲಕ್ಕೆ ಹುರಿದರೆ ಇನ್ನೊಂದು ಕಡೆ. ಅಲ್ಲೂ ಕೆಲಸ ಮಾಡಿದ್ದು ಸೆಣಬಲ್ಲ, ಹುರಿ.

ಫೇಸ್ ಶಿಫ್ಟರ್ ಎಂದರೆ ಏನು?

ಆಕಾರದಿಂದ ಅಲೆಯನ್ನು ಪಳಗಿಸುವ ಈ ವಿದ್ಯೆ ಇಂದು ಎಲ್ಲಿಗೆ ಬಂದಿದೆ? ಅದಕ್ಕೊಂದು ಒಳ್ಳೆಯ ಉದಾಹರಣೆ ಫೇಸ್ ಶಿಫ್ಟರ್.

ಜೆ.ಪಿ. ನಗರದ ಸಾರಕ್ಕಿ ಕೆರೆಯ ದಂಡೆಯಲ್ಲಿ ಹತ್ತು ಜನ ಸಾಲಾಗಿ ನಿಂತಿದ್ದಾರೆ ಎಂದುಕೊಳ್ಳಿ. ಎಲ್ಲರೂ ಒಟ್ಟಿಗೇ ಕೋಲಿನಿಂದ ನೀರನ್ನು ಬಡಿದರೆ ಅಲೆಗಳು ಕೂಡಿಕೊಂಡು ನೇರವಾಗಿ ಕೆರೆಯ ನಡುವಿಗೆ ಹೋಗುತ್ತವೆ. ಈಗ ಎಡತುದಿಯವರು ಮೊದಲು, ಅವರ ಪಕ್ಕದವರು ಚೂರು ತಡವಾಗಿ, ಅವರ ಪಕ್ಕದವರು ಇನ್ನೂ ಚೂರು ತಡವಾಗಿ ಬಡಿಯಲಿ. ಕೂಡಿಬಂದ ಅಲೆ ಬಲಕ್ಕೆ ವಾಲಿಕೊಂಡು ಸಾಗುತ್ತದೆ. ಯಾರೂ ನಿಂತ ಜಾಗದಿಂದ ಕದಲಲಿಲ್ಲ, ಆದರೂ ಅಲೆಯ ದಿಕ್ಕು ಬದಲಾಯಿತು.

ಆಧುನಿಕ ರೇಡಾರ್ ಮಾಡುವುದು ಇದನ್ನೇ. ಹಳೆಯ ರೇಡಾರಿನ ದೊಡ್ಡ ಬುಟ್ಟಿಯನ್ನು ಮೋಟಾರಿನಿಂದ ತಿರುಗಿಸಬೇಕು. ಹೊಸದರಲ್ಲಿ ಸಾಲುಸಾಲು ಪುಟ್ಟ ಆ್ಯಂಟೆನಾಗಳು. ಪ್ರತಿಯೊಂದಕ್ಕೂ ಹೋಗುವ ಅಲೆಯನ್ನು ಬೇಕಾದಷ್ಟು ಹಿಂದೆ ಮುಂದೆ ಮಾಡುವ ಸಾಧನವೇ ಫೇಸ್ ಶಿಫ್ಟರ್. 10 ಸೆಂಟಿಮೀಟರ್ ಅಲೆಯನ್ನು ಪೂರ್ತಿ ಒಂದು ಸುತ್ತು ತಡಮಾಡಬೇಕೆಂದರೂ ಬೇಕಾಗುವ ಸಮಯ ಒಂದು ಸೆಕೆಂಡಿನ ಮುನ್ನೂರು ಕೋಟಿಯ ಒಂದು ಭಾಗ. ಬೆಂಗಳೂರಿನ ಎಲ್.ಆರ್.ಡಿ.ಇ. ರೂಪಿಸಿದ, ಆಕಾಶ್ ಕ್ಷಿಪಣಿಗೆ ದಾರಿ ತೋರುವ ರಾಜೇಂದ್ರ ರೇಡಾರಿನಲ್ಲಿ ಇಂಥ ಸಾವಿರಾರು ಫೇಸ್ ಶಿಫ್ಟರುಗಳಿವೆ. ಆ ಪ್ರಯೋಗಾಲಯ ಇರುವ ಬಡಾವಣೆಯ ಹೆಸರು ಸಿ.ವಿ. ರಾಮನ್ ನಗರ. 5ಜಿ ಟವರುಗಳು ಸಿಗ್ನಲನ್ನು ನಿಮ್ಮ ಫೋನಿನ ಕಡೆಗೆ ತಿರುಗಿಸುವುದರ ಹಿಂದಿರುವುದೂ ಇದೇ ತತ್ವ.

ಫೇಸ್ ಶಿಫ್ಟರಿನ ಕಷ್ಟ ಏನೆಂದರೆ ಜಾಗ. ಸಾಮಾನ್ಯ ತಂತಿಯಲ್ಲಿ, ಅಂದರೆ ಟ್ರಾನ್ಸ್‌ಮಿಷನ್ ಲೈನಿನಲ್ಲಿ, ಅಲೆ ಹೆಚ್ಚು ತಡವಾಗಬೇಕಾದರೆ ತಂತಿಯೂ ಹೆಚ್ಚು ಉದ್ದವಾಗಬೇಕು. ಇಲ್ಲೇ ಮೆಟಾಮೆಟೀರಿಯಲ್ ಕೆಲಸಕ್ಕೆ ಬಂತು. ಮೆಟಾಮೆಟೀರಿಯಲ್ ಎಂದರೆ ಹೊಸ ಧಾತುವಲ್ಲ, ರಸಾಯನವಲ್ಲ. ಅಲೆಯ ಉದ್ದಕ್ಕಿಂತ ಬಹಳ ಚಿಕ್ಕದಾದ ರಚನೆಗಳನ್ನು ಒಂದರ ಪಕ್ಕ ಒಂದು ಜೋಡಿಸಿ, ಪ್ರಕೃತಿಯಲ್ಲಿ ಸಿಗದ ಗುಣ ಬರುವಂತೆ ಮಾಡಿದ ವಸ್ತು.

ಸೋವಿಯತ್ ವಿಜ್ಞಾನಿ ವೆಸೆಲಾಗೊ 1967ರಲ್ಲಿ ಅಂಥ ಗುಣ ಇರುವ ವಸ್ತು ಸಿಕ್ಕರೆ ಏನಾಗಬಹುದು ಎಂದು ಕಾಗದದ ಮೇಲೆ ಲೆಕ್ಕ ಹಾಕಿದ್ದರು. 2000ದ ಹೊತ್ತಿಗೆ ಅಮೆರಿಕದಲ್ಲಿ ಅದು ಪ್ರಯೋಗಕ್ಕೆ ಬಂತು. 2002ರ ಸುಮಾರಿಗೆ ಕೆನಡಾದ ಟೊರಾಂಟೊ ಮತ್ತು ಅಮೆರಿಕದ ಲಾಸ್ ಏಂಜಲೀಸ್‌ನ ಸಂಶೋಧಕರು ಅದನ್ನೇ ಟ್ರಾನ್ಸ್‌ಮಿಷನ್ ಲೈನ್ ರೂಪದಲ್ಲಿ ತಂದರು. ತಂತಿಯ ದಾರಿಯಲ್ಲಿ ಪುಟ್ಟ ಕೆಪ್ಯಾಸಿಟರುಗಳು, ತಂತಿಯಿಂದ ನೆಲದ ಕಡೆಗೆ ಪುಟ್ಟ ಇಂಡಕ್ಟರುಗಳು, ಹೀಗೆ ಒಂದೇ ಅಂತರದಲ್ಲಿ ಕೂಡಿಸುತ್ತ ಹೋಗುವುದು. ಸಾಮಾನ್ಯ ಲೈನಿನಲ್ಲಿ ಅಲೆಯ ಹಂತ ಹಿಂದೆ ಬೀಳುತ್ತದೆ, ಈ ಲೈನಿನಲ್ಲಿ ಮುಂದೆ ಜರಗುತ್ತದೆ. ಎರಡನ್ನೂ ಬೇಕಾದ ಪ್ರಮಾಣದಲ್ಲಿ ಸೇರಿಸಿದರೆ ಬೇಕಾದ ಹಂತ ತುಂಬ ಚಿಕ್ಕ ಜಾಗದಲ್ಲಿ ಸಿಗುತ್ತದೆ. ಮಾಮೂಲು ಕೆಪ್ಯಾಸಿಟರಿನ ಬದಲು ವ್ಯಾರಾಕ್ಟರ್ ಡಯೋಡ್ ಹಾಕಿದರೆ ವೋಲ್ಟೇಜ್ ಏರಿಸಿ ಇಳಿಸಿ ಹಂತವನ್ನು ಬದಲಿಸಬಹುದು. ಹಳೆಯ ರೇಡಿಯೊದಲ್ಲಿ ಗುಂಡಿ ತಿರುಗಿಸಿ ಸ್ಟೇಷನ್ ಹಿಡಿಯುತ್ತಿದ್ದಂತೆ, ಅಲೆಯ ಹಂತವನ್ನೇ ಹೊಂದಿಸಿಕೊಳ್ಳಬಹುದು. ಬೇಕೆಂದಾಗ ಬದಲಿಸಬಹುದಾದ ಫೇಸ್ ಶಿಫ್ಟರ್ ಇದೇ.

ಹಾಗಾದರೆ ರಾಜೇಶ್ವರಿ 5ಜಿ ಕಂಡುಹಿಡಿದರೇ?

ಇಲ್ಲ. ಮುಂದೆ ಎಂದಾದರೂ ಅಂಥ ಫಾರ್ವರ್ಡ್ ಬಂದರೆ ನಂಬಬೇಡಿ. ಮೆಟಾಮೆಟೀರಿಯಲ್ ಲೈನುಗಳು ಬರುವ ಹೊತ್ತಿಗೆ ಅವರು ನಿವೃತ್ತರಾಗಿ 20 ವರ್ಷ ಆಗಿತ್ತು. ಅದರ ಶ್ರೇಯಸ್ಸು ಅದನ್ನು ಮಾಡಿದವರಿಗೇ ಸಲ್ಲಬೇಕು.

ಆದರೆ ವಿಜ್ಞಾನದಲ್ಲಿ ಒಬ್ಬರೇ ಎಲ್ಲವನ್ನೂ ಕಂಡುಹಿಡಿದರು ಎಂಬ ಕಥೆ ಸಾಮಾನ್ಯವಾಗಿ ನಿಜವಲ್ಲ. ಗಾಡಿ ಕೊರೆದ ಸರಳಿನ ಮೇಲೆ ಅಲೆ ಹೇಗೆ ನಿಧಾನವಾಗುತ್ತದೆ ಎಂದು 1950, 60ರ ದಶಕಗಳಲ್ಲಿ ಹಲವು ದೇಶಗಳ ಸಂಶೋಧಕರು ಕೂತು ಲೆಕ್ಕ ಹಾಕಿದ್ದರು. ರಚನೆ ಚಿಕ್ಕದಾಗಿ, ಒತ್ತಾಗಿ ಇದ್ದರೆ ಅಲೆ ಅದನ್ನು ಒಂದೇ ಹೊಸ ವಸ್ತು ಎಂಬಂತೆ ಕಾಣುತ್ತದೆ ಎಂಬ ತಿಳಿವಳಿಕೆ ಹಾಗೆ ಗಟ್ಟಿಯಾಯಿತು. ಮುಂದಿನವರು ನಿಂತದ್ದು ಆ ನೆಲದ ಮೇಲೆ. ಆ ನೆಲ ಗಟ್ಟಿ ಮಾಡಿದವರಲ್ಲಿ ಬೆಂಗಳೂರಿನ ಒಂದು ಪ್ರಯೋಗಾಲಯವೂ ಇತ್ತು, ಅದನ್ನು ಕಟ್ಟಿದ ಇಬ್ಬರಲ್ಲಿ ಒಬ್ಬರು ನಂಜನಗೂಡಿನ ಹೆಣ್ಣುಮಗಳು. ಇದು 5ಜಿ ಕಂಡುಹಿಡಿದರು ಎಂಬುದಕ್ಕಿಂತ ಚಿಕ್ಕ ಮಾತು. ಆದರೆ ನಿಜವಾದ ಮಾತು.

ಟವರಿನ ಭಯದ ಬಗ್ಗೆ ಒಂದು ಮಾತು

ಮೈಕ್ರೋವೇವ್ ಎಂದಾಗ ಬಿ.ಟಿ.ಎಂ. ಲೇಔಟಿನ ಅಪಾರ್ಟ್‌ಮೆಂಟ್ ಸಭೆಗಳಲ್ಲಿ ಬರುವ ಮೊದಲ ಪ್ರಶ್ನೆ ಬೇರೆಯೇ: ಪಕ್ಕದ ಮನೆಯ ಮೇಲಿನ ಟವರಿನಿಂದ ಕ್ಯಾನ್ಸರ್ ಬರುತ್ತದೆಯೇ? ಚಟರ್ಜಿ ದಂಪತಿಯ ಮಗಳು ಅಮೆರಿಕದ ನೆವಾಡಾ ವಿಶ್ವವಿದ್ಯಾಲಯದಲ್ಲಿ ಎಲೆಕ್ಟ್ರಿಕಲ್ ಎಂಜಿನಿಯರಿಂಗ್ ಪ್ರಾಧ್ಯಾಪಕಿಯಾಗಿ, ವಿದ್ಯುತ್ಕಾಂತ ಅಲೆಗಳು ದೇಹದ ಮೇಲೆ ಏನು ಪರಿಣಾಮ ಬೀರುತ್ತವೆ ಎಂಬುದನ್ನೇ ಅಧ್ಯಯನ ಮಾಡಿದವರು. ಅಂದರೆ ಇದು ವಿಜ್ಞಾನಿಗಳು ಕಣ್ಣುಮುಚ್ಚಿ ಬಿಟ್ಟ ಪ್ರಶ್ನೆಯಲ್ಲ.

ತಿಳಿದಿರುವುದು ಇಷ್ಟು. ಎಕ್ಸ್‌-ರೇಯಂತೆ ಅಣುಗಳಿಂದ ಎಲೆಕ್ಟ್ರಾನನ್ನು ಕಿತ್ತು ಡಿ.ಎನ್‌.ಎ. ಒಡೆಯುವಷ್ಟು ಶಕ್ತಿ ಮೈಕ್ರೋವೇವಿಗೆ ಇಲ್ಲ. ಖಚಿತವಾಗಿ ಗೊತ್ತಿರುವ ಪರಿಣಾಮ ಬಿಸಿಯಾಗುವುದು, ಅದೂ ಶಕ್ತಿ ಹೆಚ್ಚಿದ್ದಾಗ. ಓವನ್ನಿನೊಳಗೆ ಆಗುವುದು ಅದೇ. ಟವರಿನಿಂದ ಮನೆಗೆ ತಲುಪುವ ಅಲೆ ಅದಕ್ಕೆ ಹೋಲಿಸಿದರೆ ತೀರಾ ದುರ್ಬಲ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 2011ರಲ್ಲಿ ರೇಡಿಯೊ ಅಲೆಗಳನ್ನು ‘2ಬಿ’ ಗುಂಪಿಗೆ ಸೇರಿಸಿತು. ಇದರರ್ಥ ಕ್ಯಾನ್ಸರ್ ಬರುತ್ತದೆ ಎಂದಲ್ಲ. ಪುರಾವೆ ಸೀಮಿತ, ಅಧ್ಯಯನ ಮುಂದುವರಿಯಬೇಕು ಎಂದು. ಭಾರತ 2012ರ ಸೆಪ್ಟೆಂಬರಿನಲ್ಲಿ ಟವರುಗಳ ಮಿತಿಯನ್ನು ಅಂತರರಾಷ್ಟ್ರೀಯ ಮಿತಿಯ ಹತ್ತನೇ ಒಂದು ಭಾಗಕ್ಕೆ ಇಳಿಸಿತು. ನಿಮ್ಮ ಬೀದಿಯ ಟವರು ನಿಯಮ ಪಾಲಿಸುತ್ತಿದೆಯೇ ಎಂದು ಕೇಳುವುದು ನ್ಯಾಯ. ಅಲೆ ಎಂದ ಮಾತ್ರಕ್ಕೆ ವಿಷ ಎನ್ನುವುದು ನ್ಯಾಯವಲ್ಲ.

ನಿವೃತ್ತಿಯ ನಂತರ

1982ರ ಬಳಿಕ ರಾಜೇಶ್ವರಿ ಮನೆಯಲ್ಲಿ ಸುಮ್ಮನೆ ಕೂರಲಿಲ್ಲ. ಭಾರತೀಯ ಮಹಿಳಾ ಅಧ್ಯಯನ ಸಂಘದ ಜೊತೆ ಸೇರಿ ಹೆಣ್ಣುಮಕ್ಕಳ ಬದುಕು, ದುಡಿಮೆ, ಸಾಮಾಜಿಕ ಸಮಸ್ಯೆಗಳ ಬಗ್ಗೆ ಕೆಲಸ ಮಾಡಿದರು. ಅಲೆಗಳ ಸಮೀಕರಣ ಬರೆದ ಕೈ ಈಗ ಮನುಷ್ಯರ ಕಥೆ ಬರೆಯಿತು. ಅಜ್ಜಿ ಕಮಲಮ್ಮ ಶುರುಮಾಡಿದ ದಾರಿಗೆ ಮೊಮ್ಮಗಳು ಅರವತ್ತು ದಾಟಿದ ಮೇಲೆ ಮತ್ತೆ ಬಂದಂತಾಯಿತು. ಹೈಸ್ಕೂಲಿನಲ್ಲಿ ಬಿಟ್ಟುಬಂದಿದ್ದ ಇತಿಹಾಸದ ಆಸೆಯೂ ತೀರಿತೇನೋ. 1994ರಲ್ಲಿ ಪತಿ ಶಿಶಿರ್ ಕುಮಾರ್ ತೀರಿಕೊಂಡರು. 2010ರ ಸೆಪ್ಟೆಂಬರ್ 3ರಂದು, 88ನೇ ವಯಸ್ಸಿನಲ್ಲಿ, ರಾಜೇಶ್ವರಿ ನಿಧನರಾದರು.

ಫಾರ್ವರ್ಡ್ ಮಾಡುವ ಮುನ್ನ

‘ಮೊದಲಿಗರು’ ಎಂಬ ಪಟ್ಟಕ್ಕೆ ಬೆಲೆ ಇದೆ, ಇಲ್ಲವೆನ್ನುವುದಿಲ್ಲ. ಆದರೆ ಅದೊಂದನ್ನೇ ಹೇಳಿದರೆ ಆಕೆ ಸಾಲಿನಲ್ಲಿ ಮುಂದೆ ನಿಂತಿದ್ದರು ಎಂದಷ್ಟೇ ಹೇಳಿದಂತೆ, ಏನು ಮಾಡಿದರು ಎಂದು ಹೇಳಿದಂತಾಗುವುದಿಲ್ಲ. ಗಂಡಸು ವಿಜ್ಞಾನಿಯ ಹೆಸರು ಬಂದಾಗ ನಾವು ಅವರ ಕೆಲಸವನ್ನು ಹೇಳುತ್ತೇವೆ. ಹೆಂಗಸಿನ ಹೆಸರು ಬಂದಾಗ ಎಷ್ಟನೆಯವರು ಎಂದು ಹೇಳಿ ಬಿಟ್ಟುಬಿಡುತ್ತೇವೆ. ಇದನ್ನು ಸರಿಪಡಿಸಲು ದೊಡ್ಡದೇನೂ ಮಾಡಬೇಕಾಗಿಲ್ಲ, ಫೋಟೊದ ಕೆಳಗಿನ ಸಾಲು ಬದಲಿಸಿದರೆ ಸಾಕು.

ಮುಂದಿನ ಸಲ ಹೀಗೆ ಕಳಿಸಿ: ರಾಜೇಶ್ವರಿ ಚಟರ್ಜಿ, 1922–2010. ನಂಜನಗೂಡಿನವರು. ಗಣಿತ ಓದಿ ಎಂಜಿನಿಯರ್ ಆದವರು. ಲೋಹ ಮತ್ತು ಅವಾಹಕ ರಚನೆಗಳ ಮೇಲೆ ಮೈಕ್ರೋವೇವ್ ಹೇಗೆ ಸಾಗುತ್ತದೆ ಎಂದು ಬೆಂಗಳೂರಿನಲ್ಲಿ ಅಧ್ಯಯನ ಮಾಡಿ, 20 ಮಂದಿ ಸಂಶೋಧಕರನ್ನು ತಯಾರು ಮಾಡಿದವರು. ನಿಮ್ಮ ಮನೆಯಲ್ಲಿ ಪಿ.ಯು.ಸಿ. ಮುಗಿಸಿ ಎಲೆಕ್ಟ್ರಾನಿಕ್ಸ್ ತೆಗೆದುಕೊಳ್ಳಲೋ ಬೇಡವೋ ಎಂದು ಯೋಚಿಸುತ್ತಿರುವ ಮಗಳಿದ್ದರೆ, ಈ ಸಾಲನ್ನು ಮೊದಲು ಅವಳಿಗೇ ಕಳಿಸಿ.